ಮಳೆನಾಡಿನ ಆಂಪ್ಲಿಫೈಯರಿಗೆ ಯಾವ ರೆಸಿಸ್ಟರ್?

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರು ಮಡಿಕೇರಿಯ ನನ್ನ ರಿಪೇರಿ ಅಂಗಡಿಗೆ ಬಂದು ಮೊದಲು ಕೇಳುವುದು, ಯಾವ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಹಾಕಿದರೆ ಧ್ವನಿ ಇಂಪಾಗುತ್ತದೆ ಎಂದು. ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಎಷ್ಟು ಡಿಸಿ, ಅಂದರೆ ಒಂದೇ ದಿಕ್ಕಿನ, ವೋಲ್ಟೇಜ್ ನಿಲ್ಲುತ್ತದೆ, ಅದರ ಮುಂದಿನ ಹಂತಗಳು ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತವೆ ಎಂದು ಯೋಚಿಸಿ ಬಂದವರು ವಿರಳ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದಲೋ ಆನ್‌ಲೈನಿನಲ್ಲೋ ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳನ್ನು ದುಬಾರಿ ಬೆಲೆಗೆ ತರಿಸಿಕೊಂಡು, ಇಡೀ ಬೋರ್ಡಿಗೆ ಅವನ್ನೇ ಬೆಸೆದು ತಂದಾಗ ನನ್ನ ಸಹನೆ ಕೆಡುತ್ತದೆ.

ಯಾವುದೇ ರೆಸಿಸ್ಟರ್ ತನ್ನ ಉಷ್ಣತೆಯಿಂದಲೇ ಅಲ್ಪ ನಾಯ್ಸ್, ಅಂದರೆ ಸಿಗ್ನಲ್ಲಿಗೆ ಬೆರೆಯುವ ಬೇಡದ ಸದ್ದು, ಹುಟ್ಟಿಸುತ್ತದೆ. 1928ರಲ್ಲಿ ವಿಜ್ಞಾನಿಗಳಾದ ಜಾನ್ಸನ್ ಅಳತೆಯನ್ನೂ ನೈಕ್ವಿಸ್ಟ್ ಸೂತ್ರವನ್ನೂ ಪ್ರಕಟಿಸಿದ ಈ ನಾಯ್ಸ್ ರೆಸಿಸ್ಟರಿನ ಜಾತಿಯನ್ನಾಗಲಿ ಬೆಲೆಯನ್ನಾಗಲಿ ನೋಡುವುದಿಲ್ಲ. 100 ಕಿಲೋಓಮ್ ಆದರೆ, ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಅದು ಸುಮಾರು 5.7 ಮೈಕ್ರೋವೋಲ್ಟ್. ಜಾತಿಯ ವ್ಯತ್ಯಾಸ ಹೊರಬೀಳುವುದು ಡಿಸಿ ಹರಿದಾಗ. ಕಾಂಪೊಸಿಷನ್ ಜಾತಿಯಲ್ಲಿ ಇಂಗಾಲದ ಕಣಗಳನ್ನು ಅಂಟಿನೊಂದಿಗೆ ಕಲೆಸಿ ಒತ್ತಿರುತ್ತಾರೆ. ಕರೆಂಟ್ ಒಂದು ಕಣದಿಂದ ಇನ್ನೊಂದಕ್ಕೆ ದಾಟುವಾಗ ಹರಿವು ಏರುಪೇರಾಗಿ ಹೆಚ್ಚುವರಿ ನಾಯ್ಸ್ ಹುಟ್ಟುತ್ತದೆ, ಮತ್ತು ಅದು ವೋಲ್ಟೇಜಿನೊಂದಿಗೇ ಬೆಳೆಯುತ್ತದೆ. ಇಸಿಸಿ83 ಎಂಬ ಗಾಜಿನ ವಾಲ್ವಿನ ಪ್ಲೇಟಿಗೆ (ಹಿಗ್ಗಿದ ಸಿಗ್ನಲ್ ಹೊರಬರುವ ತುದಿಗೆ) ಹಾಕುವ 100 ಕಿಲೋಓಮಿನ ಮೇಲೆ ಸಾಮಾನ್ಯವಾಗಿ 100 ವೋಲ್ಟಿನಷ್ಟು ನಿಂತಿರುತ್ತದೆ. ರೆಸಿಸ್ಟರಿನ ನಾಯ್ಸ್ ಸೂಚ್ಯಂಕ, ಆವರ್ತನದ ಪ್ರತಿ ಹತ್ತುಪಟ್ಟು ವ್ಯಾಪ್ತಿಗೆ, ವೋಲ್ಟಿಗೆ 1 ಮೈಕ್ರೋವೋಲ್ಟ್ ಎಂದಿಟ್ಟುಕೊಂಡರೂ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗಿನ ಮೂರು ಹತ್ತುಪಟ್ಟುಗಳಿಗೆ, ನಾಯ್ಸ್ ವರ್ಗಮೂಲದ ಲೆಕ್ಕದಲ್ಲಿ ಕೂಡುವುದರಿಂದ, 100 × √3, ಅಂದರೆ ಸುಮಾರು 173 ಮೈಕ್ರೋವೋಲ್ಟ್ ಆಯಿತು. ವಾಲ್ವಿನ ಒಳರೋಧದಿಂದಾಗಿ ಇದರ ಒಂದು ಭಾಗ ಮಾತ್ರ ಮುಂದೆ ಹೋಗುತ್ತದೆ ಎಂಬುದು ನಿಜ, ಆದರೂ 5.7ರ ಪಕ್ಕದಲ್ಲಿ ಅದು ದೊಡ್ಡದೇ. ಒಳ್ಳೆಯ ಮೆಟಲ್ ಫಿಲ್ಮಿನಲ್ಲಿ, ಅಂದರೆ ಲೋಹದ ತೆಳು ಪದರದ ರೆಸಿಸ್ಟರಿನಲ್ಲಿ, ಈ ಹೆಚ್ಚುವರಿ ನಾಯ್ಸ್ ಹಲವು ಪಟ್ಟು ಕಡಿಮೆ, ಇಂಗಾಲದ ಪದರದ ಕಾರ್ಬನ್ ಫಿಲ್ಮ್ ಇವೆರಡರ ನಡುವಿನದು.

ಕೊಡಗಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಕಾಂಪೊಸಿಷನ್ ರೆಸಿಸ್ಟರ್ ತೇವ ಹೀರಿ ತನ್ನ ಓಮ್ ಮೌಲ್ಯವನ್ನು ಏರಿಸಿಕೊಳ್ಳುತ್ತದೆ. ಸಿದ್ದಾಪುರದ ಕಡೆಯ ತೋಟದ ಮಾಲೀಕರೊಬ್ಬರು, ಸೇನೆಯಲ್ಲಿ ವೈರ್‌ಲೆಸ್ ಸೆಟ್ಟುಗಳನ್ನು ನೋಡಿಕೊಂಡಿದ್ದ ನಿವೃತ್ತರು, ಕಟ್ಟಿದ ಪ್ರಿಆಂಪ್ಲಿಫೈಯರನ್ನು ಒಂದು ಆಗಸ್ಟ್‌ನಲ್ಲಿ ತಂದರು. ವೈರಿಂಗ್ ನೋಡಿದರೆ ಕಣ್ಣಿಗೆ ಹಬ್ಬ. ಕಿವಿಗೆ ಮಾತ್ರ ಸುಯ್ಯೆನ್ನುವ ಸದ್ದು. ಎಡ ಚಾನೆಲ್ಲಿನ ಪ್ಲೇಟ್ ರೆಸಿಸ್ಟರಿನ ಒಂದು ಕಾಲು ಬಿಚ್ಚಿ ಅಳೆದಾಗ 100 ಕಿಲೋಓಮಿನ ಬದಲು 120 ದಾಟಿತ್ತು. ‘ಈ ಮಾಲು ಈಗ ಸಿಗುವುದಿಲ್ಲ ಮಾರಾಯ್ರೆ’ ಎಂದು ಅವರು ಎಷ್ಟು ನೊಂದುಕೊಂಡರೆಂದರೆ, ಮೆಟಲ್ ಫಿಲ್ಮ್ ಹಾಕಿದ ಮೇಲೆ ಹಳೆಯವನ್ನು ಪೊಟ್ಟಣ ಕಟ್ಟಿ ಕೊಟ್ಟು ಕಳುಹಿಸಿದೆ. ಅವುಗಳ ಮೇಲೆ ಪ್ರೀತಿಯಿರುವವರು ಗ್ರಿಡ್ ಸ್ಟಾಪರಿನ (ವಾಲ್ವಿನೊಳಗೆ ಸಿಗ್ನಲ್ ಹೋಗುವ ದಾರಿಯಲ್ಲಿ ಕೂರುವ ರೆಸಿಸ್ಟರಿನ) ಜಾಗದಲ್ಲಿ ಹಾಕಿಕೊಳ್ಳಲಿ. ಅಲ್ಲಿ ಡಿಸಿ ಬಹುತೇಕ ಇಲ್ಲದಿರುವುದರಿಂದ ಈ ನಾಯ್ಸ್ ಏಳುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ಎಲ್ಲೆಡೆಯೂ ಮೆಟಲ್ ಫಿಲ್ಮ್ ಹಾಕಿಬಿಡುವವರೂ ಇದ್ದಾರೆ. ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರಿನಲ್ಲಿರುವ 0.22 ಓಮಿನಲ್ಲಿ 3 ಆಂಪಿಯರ್ ಹರಿದರೆ ಸುಮಾರು 2 ವ್ಯಾಟ್ ಶಾಖ; ಅಲ್ಲಿಗೆ ಬೋರ್ಡಿನಿಂದ ತುಸು ಎತ್ತರಿಸಿ ಕೂರಿಸಿದ, ತಂತಿ ಸುತ್ತಿ ಮಾಡಿದ 5 ವ್ಯಾಟಿನ ಸಿಮೆಂಟ್ ವೈರ್‌ವೌಂಡೇ ಸರಿ. ವಾಲ್ವ್ ಸರ್ಕ್ಯೂಟಿನಲ್ಲಿ ವ್ಯಾಟಿನಷ್ಟೇ ವೋಲ್ಟೇಜ್ ಮಿತಿಯೂ ಮುಖ್ಯ. ಕಾಲು ವ್ಯಾಟಿನ ಅನೇಕ ರೆಸಿಸ್ಟರುಗಳಿಗೆ ತಯಾರಕರು ನಮೂದಿಸುವುದು 200ರಿಂದ 250 ವೋಲ್ಟ್ ಮಾತ್ರ, ಆದ್ದರಿಂದ ಡೇಟಾಶೀಟ್ ನೋಡದೆ ನಾನು ಯಾರಿಗೂ ಹೂಂ ಎನ್ನುವುದಿಲ್ಲ. ಪವರ್ ಸಪ್ಲೈನಲ್ಲಿ ಸುಟ್ಟದ್ದು ಫ್ಯೂಸಿಬಲ್ ರೆಸಿಸ್ಟರ್ (ಕರೆಂಟ್ ಮಿತಿಮೀರಿದರೆ ಫ್ಯೂಸಿನಂತೆ ಕಡಿದುಹೋಗುವಂಥದ್ದು) ಆಗಿದ್ದರೆ ಅದೇ ಬಗೆಯದನ್ನೇ ಹಾಕಬೇಕು, ಹಾಕುವ ಮುನ್ನ ಅದು ಸುಟ್ಟದ್ದೇಕೆಂದು ಹುಡುಕಬೇಕು. ಕೈಯಿಡುವ ಮೊದಲು ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿಲ್ಲವೆಂದು ಮೀಟರಿನಲ್ಲಿ ನೋಡಿಕೊಳ್ಳಿ.