ರೆಸ್ಯೂಮೆಗೆ ತೂಕ ಕೊಡುವ ಪದ ಯಾವುದು?

ಪ್ರಶ್ನೆ: ವಿಜಯಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದೆ. ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನನ್ನ ರೆಸ್ಯೂಮೆ ಸಪ್ಪೆ ಅಂತಾರೆ. ಯಾವ ಪದ ಹಾಕಲಿ?

ಉತ್ತರ: ಭೋಸರಿ, ಚಾಕಣ ಕಡೆ ಕೆಲಸಕ್ಕೆ ಬಂದಿರುವ ನಮ್ಮ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲು 'ಡೈನಾಮಿಕ್', 'ಹಾರ್ಡ್‌ವರ್ಕಿಂಗ್', 'ಟೀಮ್ ಪ್ಲೇಯರ್' ಅಳಿಸಿ. ಅವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. 'ರೆಸ್ಪಾನ್ಸಿಬಲ್ ಫಾರ್ ಕ್ವಾಲಿಟಿ' ಕೂಡ ಅಷ್ಟೇ. ಜವಾಬ್ದಾರಿ ಇತ್ತು, ಸರಿ. ಶಿಫ್ಟ್‌ನಲ್ಲಿ ನೀವು ಮಾಡಿದ್ದೇನು?

ಅದನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ಊರಲ್ಲಿರುವ ಅಣ್ಣನಿಗೆ ಹೇಳುವ ಹಾಗೆ. "ಶಿಫ್ಟ್ ಶುರುವಾದ ಕೂಡಲೇ ಮೊದಲ ಪೀಸ್ ಮೈಕ್ರೋಮೀಟರ್‌ನಲ್ಲಿ ಅಳೆಯುತ್ತೇನೆ. ಡ್ರಾಯಿಂಗ್‌ಗೆ ಹೊಂದದಿದ್ದರೆ ಮಷಿನ್ ನಿಲ್ಲಿಸುತ್ತೇನೆ." ನಿಮಗೆ ಬೇಕಾದ ಪದಗಳು ಇಲ್ಲೇ ಇವೆ, ಅಲ್ವಾ? 'ಮೆಷರ್ಡ್', 'ಇನ್‌ಸ್ಪೆಕ್ಟೆಡ್', 'ಸ್ಟಾಪ್ಡ್'. ದೋಷ ಎಲ್ಲಿಂದ ಬಂತು ಅಂತ ಹುಡುಕಿದ್ದರೆ 'ಟ್ರೇಸ್ಡ್'. ರಿಜೆಕ್ಷನ್ ಇಳಿಸಿದ್ದರೆ 'ರೆಡ್ಯೂಸ್ಡ್'. ಆಗ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು ಅಂತಲೂ ಬರೆಯಿರಿ, ಆದರೆ ರಿಜಿಸ್ಟರ್ ನೋಡಿ. ಅಂದಾಜಿನ ಅಂಕಿ ಬೇಡ.

'ಲೆಡ್' ಬರೆಯುವಾಗ ಮಾತ್ರ ಹುಷಾರು. ತಂಡದಲ್ಲಿ ಒಬ್ಬರಾಗಿದ್ದು ತಂಡ ನಡೆಸಿದೆ ಅಂದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. 'ಅಸಿಸ್ಟೆಡ್' ಅಂತ ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮವರು ಸುಮ್ನೆ ಬಿಟ್ಟುಬಿಡುವುದು ಕೆಲಸದ ಜಾಗದ ಪದಗಳನ್ನು. ನನಗೆ ಬೇಸರ ತರಿಸುವುದೂ ಅದೇ. ವಾಹನ ಉದ್ಯಮದ ಗುಣಮಟ್ಟದ ಮಾನದಂಡ ಐಎಟಿಎಫ್ 16949. ಹಳೆಯ ಐಎಸ್‌ಒ/ಟಿಎಸ್ 16949ರ ಜಾಗಕ್ಕೆ 2016ರಲ್ಲಿ ಬಂದದ್ದು. ಅದರ ಆಡಿಟ್‌ಗೆ ದಾಖಲೆ ಜೋಡಿಸಿದ್ದೀರಾ? ಬಿಡಿಭಾಗಕ್ಕೆ ಗ್ರಾಹಕ ಕಂಪನಿಯ ಒಪ್ಪಿಗೆ ಪಡೆಯುವ ಪಿಪಿಎಪಿ ಫೈಲ್ ಮಾಡಿದ್ದೀರಾ? ಅಳತೆಯ ಏರಿಳಿತ ಗಮನಿಸುವ ಎಸ್‌ಪಿಸಿ ಚಾರ್ಟ್ ತುಂಬಿದ್ದೀರಾ? ಹಾಗಾದರೆ ಆ ಹೆಸರುಗಳು ಇರಲೇಬೇಕು. ಜಾಬ್ ಪೋರ್ಟಲ್‌ನಲ್ಲಿ ಕಂಪನಿಯವರು ಇಂಥ ಪದ ಹಾಕಿಯೇ ಹುಡುಕುತ್ತಾರೆ, 'ಡೈನಾಮಿಕ್' ಅಂತ ಹಾಕಿ ಯಾರೂ ಹುಡುಕುವುದಿಲ್ಲ. ಕೆಲಸದ ಜಾಹೀರಾತಿನಲ್ಲಿ ಹೇಗಿದೆಯೋ ಅದೇ ಸ್ಪೆಲ್ಲಿಂಗ್ ಇಡಿ.

ಇನ್ನೊಂದು ವಿಷಯ. ಕಾಂಟ್ರಾಕ್ಟರ್ ಮೂಲಕ ಸೇರಿದ್ದರೆ ಬರೀ ಕಾರ್ಖಾನೆಯ ಹೆಸರು ಬರೆಯಬೇಡಿ. ಪಿಎಫ್ ಕಟ್ಟುವವರು ಕಾಂಟ್ರಾಕ್ಟರ್ ಆದರೆ ಪಿಎಫ್ ದಾಖಲೆಯಲ್ಲಿ ಅವರ ಹೆಸರೇ ಬರುತ್ತದೆ. ಹೊಸ ಕಂಪನಿ ಪರಿಶೀಲಿಸಿದಾಗ ಹೊಂದಿಕೆಯಾಗದೆ ತೊಂದರೆಯಾಗುತ್ತದೆ. ಎರಡೂ ಹೆಸರು ಒಂದೇ ಸಾಲಿನಲ್ಲಿ ಇರಲಿ.