ಯೋಜನೆ ಯಾರ ಕೈಯಲ್ಲಿ ನಡೆಯಿತು ಎಂದು ಕೇಳಿ

ಸರ್ಕಾರಿ ಯೋಜನೆಗಳ ಮೌಲ್ಯಮಾಪನ ನನ್ನ ಕೆಲಸ. ಅಧಿಕಾರಿಗಳ ಜೊತೆ ಕೂತಾಗಲೆಲ್ಲ ಎದುರಾಗುವ ಮಾತು ಒಂದೇ: ‘ಸಂಶೋಧನೆಯಲ್ಲಿ ಫಲ ಸಿಕ್ಕಿದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು.’ ಅಷ್ಟು ಸಾಲದು ಎಂದು ಹೇಳಿ ಹೇಳಿ ಗಂಟಲು ಒಣಗಿದೆ.

ಸಮಾಜವಿಜ್ಞಾನದ ಅಧ್ಯಯನಗಳು ಮರುಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂಬ ದೂರು ಈಗ ಎಲ್ಲರ ಬಾಯಲ್ಲಿದೆ. 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಮನೋವಿಜ್ಞಾನದ 100 ಅಧ್ಯಯನಗಳ ಪೈಕಿ ಅರ್ಧದಷ್ಟೂ ನಿಲ್ಲಲಿಲ್ಲ, ನಿಜ. ನನ್ನ ತಕರಾರು ಬೇರೆ. ಅಧ್ಯಯನ ಅಪ್ಪಟವಾಗಿದ್ದರೂ ಅದನ್ನು ನಂಬಿ ತಂದ ಯೋಜನೆ ನೆಲಕಚ್ಚಬಹುದು.

ಕೀನ್ಯಾದ ಗುತ್ತಿಗೆ ಶಿಕ್ಷಕರ ಪ್ರಯೋಗ ನೋಡಿ. ಹೆಚ್ಚುವರಿ ಶಿಕ್ಷಕರನ್ನು ಗುತ್ತಿಗೆ ಮೇಲೆ ತೆಗೆದುಕೊಂಡರೆ ಮಕ್ಕಳ ಕಲಿಕೆ ಸುಧಾರಿಸುತ್ತದೆಂದು ಅಲ್ಲಿನದೇ ಹಿಂದಿನ ಅಧ್ಯಯನ ತೋರಿಸಿತ್ತು. ದೇಶಕ್ಕೆಲ್ಲ ಹಬ್ಬಿಸುವ ಹೊತ್ತಿಗೆ ಸಂಶೋಧಕರು ಒಂದು ಜಾಣ ಕೆಲಸ ಮಾಡಿದರು: ಕೆಲವು ಶಾಲೆಗಳಲ್ಲಿ ಅದನ್ನು ನಡೆಸುವ ಹೊಣೆ ಸ್ವಯಂಸೇವಾ ಸಂಸ್ಥೆಗೆ, ಇನ್ನು ಕೆಲವುಗಳಲ್ಲಿ ಶಿಕ್ಷಣ ಸಚಿವಾಲಯಕ್ಕೆ. ಯಾವ ಶಾಲೆ ಯಾರಿಗೆ ಎಂಬುದು ಚೀಟಿ ಎತ್ತಿದಂತೆ. ಸಂಸ್ಥೆ ನಡೆಸಿದ ಕಡೆ ಅಂಕ ಏರಿತು. ಸಚಿವಾಲಯ ನಡೆಸಿದ ಕಡೆ ಏನೂ ಆಗಲಿಲ್ಲ. ದೇಶ ಒಂದೇ, ಯೋಜನೆ ಒಂದೇ. ಸರ್ಕಾರದ ಕಡೆ ಸಂಬಳ ತಡವಾಗುತ್ತಿತ್ತು, ಉಸ್ತುವಾರಿ ಸಡಿಲವಿತ್ತು, ಶಿಕ್ಷಕರ ಸಂಘವೂ ಗುತ್ತಿಗೆ ಪದ್ಧತಿಯ ವಿರುದ್ಧ ನಿಂತಿತ್ತು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಖಚಿತವಾಗಿ ಹೇಳುವ ಧೈರ್ಯ ನನಗಿಲ್ಲ.

ಅಮೆರಿಕದಲ್ಲೂ ಅಷ್ಟೇ. ಟೆನೆಸ್ಸಿಯಲ್ಲಿ ಸಣ್ಣ ತರಗತಿಗಳಿಂದ ಕಲಿಕೆ ಸುಧಾರಿಸಿತೆಂದು 1996ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವಿಡೀ ತರಗತಿ ಚಿಕ್ಕದು ಮಾಡಲು ಹೊರಟಿತು. ತರಬೇತಾದ ಶಿಕ್ಷಕರೂ ಸಾಲಲಿಲ್ಲ, ಕೋಣೆಗಳೂ ಸಾಲಲಿಲ್ಲ.

ಆದ್ದರಿಂದ ವರದಿ ಕೈಗೆ ಬಂದರೆ ಮೊದಲು ಸಾರಾಂಶದ ಅಂಕಿ ನೋಡಬೇಡಿ. ಯಾರು ನಡೆಸಿದರು, ಹಣ ಯಾವ ದಾರಿಯಲ್ಲಿ ಬಂತು, ತಪ್ಪಿದವರನ್ನು ಯಾರು ಕೇಳುತ್ತಿದ್ದರು ಎಂದು ಹುಡುಕಿ. ಬಹಳಷ್ಟು ವರದಿಗಳಲ್ಲಿ ಇದು ಹಿಂದಿನ ಅನುಬಂಧದಲ್ಲಿ ಅಡಗಿರುತ್ತದೆ.

ಒಮ್ಮೆ ಸಭೆಯಲ್ಲಿ ಕಿರಿಯ ಅಧಿಕಾರಿಯೊಬ್ಬರು, ‘ಸರ್, ಈ ಹೊಸ ಸಿಬ್ಬಂದಿಯ ಸಂಬಳದ ಬಿಲ್ಲಿಗೆ ಯಾರು ಸಹಿ ಹಾಕುತ್ತಾರೆ?’ ಎಂದರು. ಹಿರಿಯರು ಮುಖ ಸಿಂಡರಿಸಿದರು. ನನಗಂತೂ ಅವರ ಬೆನ್ನು ತಟ್ಟಬೇಕೆನಿಸಿತು. ಯಾರಲ್ಲೂ ಉತ್ತರವಿರಲಿಲ್ಲ, ಕಡತ ವಾಪಸ್ ಹೋಯಿತು. ಹೋಗಬೇಕಾದದ್ದೇ.