ರಬ್ಬರ್ ದೋಣಿಗೆ ಆರ್‌ಸಿ ಎಲ್ಲಿ ಮಾಡಿಸಬೇಕು?

ಕೊಪ್ಪಳದ ನನ್ನ ಕಚೇರಿಗೆ ತುಂಗಭದ್ರಾ ಹಿನ್ನೀರಿನ ಕಡೆಯ ಊರುಗಳಿಂದ ಬರುವವರು ಸಾಮಾನ್ಯವಾಗಿ ಮುಳುಗಡೆ ಜಮೀನಿನ ಪರಿಹಾರವನ್ನೋ, ಕಾಲುವೆ ನೀರಿನ ತಕರಾರನ್ನೋ, ಸಹಕಾರ ಸಂಘದ ಚುನಾವಣೆಯನ್ನೋ ಹಿಡಿದುಕೊಂಡು ಬರುತ್ತಾರೆ. ಈಚೆಗೆ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಗಾಳಿ ತುಂಬಿದರೆ ಹತ್ತು ಅಡಿ ಉದ್ದವಾಗುವ, ಗಾಳಿ ಬಿಟ್ಟರೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಪಿವಿಸಿ ದೋಣಿಯನ್ನು ಮೀನು ಹಿಡಿಯಲೆಂದು ಆನ್‌ಲೈನಿನಲ್ಲಿ ತರಿಸಿಕೊಂಡವರು ಅದರ ಬಿಲ್ಲನ್ನು ಮೇಜಿನ ಮೇಲಿಟ್ಟು, "ಇದಕ್ಕ ಆರ್‌ಸಿ ಎಲ್ಲಿ ಮಾಡಸಬೇಕ್ರಿ ವಕೀಲ್ರ?" ಎಂದು ಕೇಳುತ್ತಾರೆ.

ಬೈಕು, ಟ್ರ್ಯಾಕ್ಟರ್ ಕೊಂಡವರಿಗೆ ಈ ಪ್ರಶ್ನೆ ಸಹಜವಾದದ್ದೇ. ಆದರೆ ದೋಣಿಯ ವಿಷಯದಲ್ಲಿ ಅದನ್ನು ಕೊನೆಗೆ ಕೇಳಬೇಕು. ನಾನು ಮೊದಲು ಕೇಳುವುದು ಎರಡೇ ಮಾತು: ದೋಣಿಗೆ ಎಂಜಿನ್ ಇದೆಯೇ, ಮತ್ತು ಅದನ್ನು ಇಳಿಸುವ ನೀರು ಯಾರದು? ಮೊದಲನೆಯದಕ್ಕೆ ಉತ್ತರ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಹೆಚ್ಚಿನವರು, "ನೀರು ಯಾರದೇನ್ರಿ, ಹೊಳೀದು" ಎನ್ನುತ್ತಾರೆ. ತೊಡಕು ಇರುವುದು ಅಲ್ಲಿಯೇ.

ಎಂಜಿನ್ನಿನ ಮಾತನ್ನು ಮೊದಲು ಮುಗಿಸೋಣ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೆಯ ನಮೂದಾಗಿದೆ. ಒಳನಾಡು ಜಲಮಾರ್ಗಗಳಲ್ಲಿ ಯಂತ್ರಚಾಲಿತ ನೌಕೆಗಳ ಸಂಚಾರವಾದರೋ ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 32ನೆಯ ನಮೂದಾಗಿದೆ. ಅಂದರೆ ಹುಟ್ಟು ಹಾಕಿ ನಡೆಸುವ ದೋಣಿಯಲ್ಲಿ ಕುಳಿತು ಬಲೆ ಬೀಸುವವನು ಬಹುಮಟ್ಟಿಗೆ ರಾಜ್ಯದ ಕಾನೂನಿನೊಳಗೇ ಇರುತ್ತಾನೆ, ಅದೇ ದೋಣಿಯ ಹಿಂಭಾಗಕ್ಕೆ ಒಂದು ಸಣ್ಣ ಎಂಜಿನ್ ಸಿಕ್ಕಿಸಿದ ಗಳಿಗೆಯಿಂದ ಕೇಂದ್ರದ ಕಾನೂನು ಕೂಡ ಅವನನ್ನು ಹಿಂಬಾಲಿಸತೊಡಗುತ್ತದೆ. ದೋಣಿ ರಬ್ಬರಿನದೋ, ಮರದ್ದೋ, ಫೈಬರಿನದೋ ಎಂಬುದರಿಂದ ಈ ವಿಭಜನೆ ಬದಲಾಗುವುದಿಲ್ಲ.

ಆ ಕೇಂದ್ರ ಕಾನೂನು 2021ರ ಒಳನಾಡು ನೌಕೆಗಳ ಅಧಿನಿಯಮ. ಬ್ರಿಟಿಷರ ಕಾಲದ 1917ರ ಕಾಯ್ದೆಯ ಬದಲಿಗೆ ಬಂದ ಇದರ ಪ್ರಕಾರ, ಯಂತ್ರಚಾಲಿತ ನೌಕೆಗೆ ಮೊದಲು ತಪಾಸಣೆಯ ಪ್ರಮಾಣಪತ್ರ ಬೇಕು; ಅದಿಲ್ಲದೆ ನೋಂದಣಿಯ ಅರ್ಜಿ ನಿಲ್ಲುವುದಿಲ್ಲ. ಆಮೇಲೆ ನೋಂದಣಿ, ನೌಕೆಯ ಮೇಲೆ ಕಾಣುವಂತೆ ಬರೆಸಬೇಕಾದ ನೋಂದಣಿ ಗುರುತು, ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಗೆ ವಿಮೆ. ದೋಣಿಯನ್ನು ಮಾರಿದರೂ ರಚನೆಯಲ್ಲಿ ಮಾರ್ಪಾಟು ಮಾಡಿದರೂ ನೋಂದಣಾಧಿಕಾರಿಗೆ ತಿಳಿಸಬೇಕು. ಒಮ್ಮೆ ದೊರೆತ ನೋಂದಣಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ಸಲ್ಲುತ್ತದೆ ಎಂಬುದು ಹಳೆಯ ಕಾಯ್ದೆಗಿಂತ ಇದರಲ್ಲಿ ಆಗಿರುವ ದೊಡ್ಡ ಅನುಕೂಲ. ಕರ್ನಾಟಕದಲ್ಲಿ ಈ ಕೆಲಸ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ ಸಂಬಂಧಿಸಿದ್ದು. ಆರ್‌ಟಿಒ ಕಚೇರಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಮಂಗಳೂರು, ಮಲ್ಪೆಯ ಬೋಟುಗಳ ಮೇಲೆ ಕಾಣುವ ಐಎನ್‌ಡಿ-ಕೆಎ ಎಂದು ಆರಂಭವಾಗುವ ಸಂಖ್ಯೆ ಸಮುದ್ರ ಮೀನುಗಾರಿಕೆಯ ದೋಣಿಗಳದು. ಸಮುದ್ರದ ಕಾನೂನಿನಡಿ ನೋಂದಣಿಯಾದ ಮೀನುಗಾರಿಕೆ ದೋಣಿಗಳನ್ನು 2021ರ ಅಧಿನಿಯಮವೇ ತನ್ನಿಂದ ಹೊರಗಿಟ್ಟಿದೆ. ಕರಾವಳಿಯಲ್ಲಿರುವ ನೆಂಟರು ತಮ್ಮ ಅರ್ಜಿ ನಮೂನೆಯನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಅದು ಇಲ್ಲಿ ಕೆಲಸಕ್ಕೆ ಬಾರದು.

ಎಂಜಿನ್ ಇಲ್ಲದ ದೋಣಿಗೂ ಈ ಅಧಿನಿಯಮದಲ್ಲಿ ಒಂದು ಪ್ರತ್ಯೇಕ ಅಧ್ಯಾಯವಿದೆ. ರಾಜ್ಯ ಸರ್ಕಾರವು ಗೊತ್ತುಪಡಿಸಿದ ಮಾನದಂಡದೊಳಗೆ ಬರುವ ದೋಣಿಗಳ ಹೆಸರನ್ನು ದಾಖಲಿಸಿಕೊಳ್ಳುವ ಅಧಿಕಾರವನ್ನು ಜಿಲ್ಲೆ, ತಾಲ್ಲೂಕು ಅಥವಾ ಗ್ರಾಮ ಪಂಚಾಯಿತಿ ಮಟ್ಟದ ಕಚೇರಿಗೆ ವಹಿಸಬಹುದೆಂದು ಅದು ಹೇಳುತ್ತದೆ. ಹಾಗಾಗಿ ಹುಟ್ಟಿನ ದೋಣಿಯವರು ಪಂಚಾಯಿತಿಯಲ್ಲಿ ಒಮ್ಮೆ ವಿಚಾರಿಸಿ, ಕೇಳಿದ್ದಕ್ಕೆ ಒಂದು ಬರಹದ ಸಾಕ್ಷ್ಯ ಇಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿ ಕೊಟ್ಟು ಪಡೆದ ಸ್ವೀಕೃತಿಯೇ ಎಷ್ಟೋ ಸಲ ನೋಂದಣಿ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.

ಬ್ಯಾಟರಿಯಿಂದ ತಿರುಗುವ ಸಣ್ಣ ಮೋಟರು ಎಂಜಿನ್ನೇ ಅಲ್ಲ ಎಂಬ ವಾದವನ್ನು ಕೆಲವರು ಮುಂದಿಡುತ್ತಾರೆ. ಹೊಗೆ ಇಲ್ಲ, ಸದ್ದಿಲ್ಲ, ಪೆಟ್ರೋಲಿಲ್ಲ ಎಂಬುದೆಲ್ಲ ನಿಜ. ಆದರೆ ಕಾನೂನು ನೋಡುವುದು ನೌಕೆ ಯಾಂತ್ರಿಕ ಸಾಧನದಿಂದ ಮುಂದೆ ಸಾಗುತ್ತದೆಯೇ ಎಂಬುದನ್ನು. ನೀರಿನಲ್ಲಿ ಪಂಖ ತಿರುಗಿ ದೋಣಿಯನ್ನು ತಳ್ಳುತ್ತಿದ್ದರೆ, ಅದನ್ನು ತಿರುಗಿಸಿದ್ದು ಡೀಸೆಲ್ಲೋ ಬ್ಯಾಟರಿಯೋ ಎಂಬುದರ ಮೇಲೆ ನ್ಯಾಯಾಲಯದ ಎದುರು ಹೆಚ್ಚು ಹೊತ್ತು ವಾದ ಮಾಡುವ ಧೈರ್ಯ ನನಗಿಲ್ಲ. ವಿಡಿಯೊಗಳಲ್ಲಿ ಪರದೇಶದವರು ನಿರಾತಂಕವಾಗಿ ಮೋಟರು ಹಾಕಿಕೊಂಡು ಹೋಗುವುದನ್ನು ತೋರಿಸುವವರೂ ಇದ್ದಾರೆ. ರಷ್ಯಾದಲ್ಲಿ 200 ಕಿಲೋಗ್ರಾಂ ತೂಕದೊಳಗಿನ, 8 ಕಿಲೋವ್ಯಾಟಿಗಿಂತ ಹೆಚ್ಚಿಲ್ಲದ ಎಂಜಿನ್ನಿನ ಸಣ್ಣ ದೋಣಿಗೆ ನೋಂದಣಿ ಬೇಕಿಲ್ಲವೆಂಬುದು ಸರಿಯೇ. ಆ ಗೆರೆ ಅವರ ಕಾನೂನಿನದು. ಅದನ್ನು ಮುನಿರಾಬಾದಿನ ದಂಡೆಗೆ ತಂದು ತೋರಿಸಿದರೆ ಯಾರೂ ಒಪ್ಪುವುದಿಲ್ಲ.

ಮೋಟರು ಹಾಕಲೇಬೇಕೆಂದಿರುವವರು ಕೊಳ್ಳುವ ಮೊದಲೇ ದೋಣಿಯ ಮೇಲಿನ ತಯಾರಕರ ಫಲಕವನ್ನು ನೋಡಬೇಕು. ಗಾಳಿ ತುಂಬುವ ದೋಣಿಗಳಿಗೆಂದೇ ಇರುವ ಐಎಸ್‌ಒ 6185 ಎಂಬ ಅಂತರರಾಷ್ಟ್ರೀಯ ಮಾನಕದ ಮೊದಲ ಭಾಗವು 4.5 ಕಿಲೋವ್ಯಾಟ್, ಅಂದರೆ ಸುಮಾರು ಆರು ಅಶ್ವಶಕ್ತಿಯವರೆಗಿನ ಮೋಟರಿನ ದೋಣಿಗಳಿಗೆ ಅನ್ವಯಿಸುತ್ತದೆ. ಸರಿಯಾದ ದೋಣಿಯ ಫಲಕದಲ್ಲಿ ಎಷ್ಟು ಜನ, ಎಷ್ಟು ಭಾರ, ಎಷ್ಟು ಶಕ್ತಿಯ ಮೋಟರು, ಎಷ್ಟು ಗಾಳಿಯ ಒತ್ತಡ ಎಂಬುದು ಅಚ್ಚಾಗಿರುತ್ತದೆ. ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಇದಕ್ಕಿಂತ ಗಟ್ಟಿ ಆಧಾರ ಬೇರೊಂದಿಲ್ಲ. ಮಕ್ಕಳ ಈಜುಕೊಳದ ಆಟಿಕೆಯಂತಿರುವ, ಒಂದೇ ಗಾಳಿಕೋಣೆಯ, ಫಲಕವೇ ಇಲ್ಲದ ದೋಣಿಯನ್ನು ಅಗ್ಗವೆಂದು ತಂದವರಿಗೆ ನಾನು ಯಾವ ಅರ್ಜಿಯನ್ನೂ ಬರೆದುಕೊಡುವುದಿಲ್ಲ. ತುಂಗಭದ್ರೆಯಲ್ಲಿ ಮುಳ್ಳುಕಂಟಿ, ಚೂಪುಗಲ್ಲುಗಳಿವೆ, ಮೊಸಳೆಗಳೂ ಇವೆ. ಒಂದು ಕೋಣೆ ಹರಿದರೂ ಇನ್ನೊಂದು ತೇಲಿಸಬೇಕು.

ಇನ್ನು ನೀರಿನ ಮಾತು. ದೋಣಿಗೆ ಎಷ್ಟೇ ಕಾಗದಗಳಿದ್ದರೂ ಅವು ಒಂದೇ ಒಂದು ಮೀನು ಹಿಡಿಯುವ ಹಕ್ಕನ್ನೂ ಕೊಡುವುದಿಲ್ಲ. ಆ ಹಕ್ಕು ಬರುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ ಅಡಿಯ ಪರವಾನಗಿಯಿಂದ ಅಥವಾ ಗುತ್ತಿಗೆಯಿಂದ. ಅರ್ಜಿಯೊಂದಿಗೆ ಹೋಗಬೇಕಾದ್ದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ. ಕೆರೆಯಾದರೆ ಅದು ಗ್ರಾಮ ಪಂಚಾಯಿತಿಯದೋ ಇಲಾಖೆಯದೋ ಎಂಬುದನ್ನು ಮೊದಲು ತಿಳಿಯಬೇಕು; ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆಗೆ ಹೋದ ಕೆರೆಯಲ್ಲಿ ಹೊರಗಿನವನು ಗಾಳ ಹಾಕಿದರೂ ಅದು ಸಂಘ ದುಡ್ಡು ಕೊಟ್ಟು ಬಿತ್ತಿದ ಕಟ್ಲಾ, ರೋಹುವಿಗೆ ಕೈ ಹಾಕಿದಂತೆ.

ಸಂಡೂರು ತಾಲ್ಲೂಕಿನ ಕೆರೆಯೊಂದರಲ್ಲಿ ಆದದ್ದನ್ನು ಇಲ್ಲಿ ಹೇಳಬೇಕು. ಭಾನುವಾರದ ಹವ್ಯಾಸಕ್ಕೆಂದು ಗಾಳಿದೋಣಿ ಇಳಿಸಿದ ನನ್ನ ಕಕ್ಷಿದಾರರೊಬ್ಬರನ್ನು ಸಂಘದ ಸದಸ್ಯರು ದಂಡೆಯಲ್ಲಿಯೇ ತಡೆದು ದೋಣಿಯ ಗಾಳಿ ಬಿಟ್ಟು ಕೂರಿಸಿದರು. ಅವರು ಕೋಪದಿಂದ ನನ್ನ ಬಳಿಗೆ ಬಂದು ಕ್ರಿಮಿನಲ್ ದೂರು ಕೊಡೋಣವೆಂದರು. ಗುತ್ತಿಗೆಯ ಪ್ರತಿಯನ್ನು ತರಿಸಿ ಓದಿದ ಮೇಲೆ, ದೂರು ಕೊಡಬೇಕಾದವರು ನಾವಲ್ಲ ಎಂದು ಅವರಿಗೆ ವಿವರಿಸಲು ಅರ್ಧ ದಿನ ಹಿಡಿಯಿತು. ಸಂಘಕ್ಕೆ ಒಂದು ಕ್ಷಮಾಪಣೆಯ ಪತ್ರ ಬರೆದು, ಮುಂದಿನ ಸಲ ಅನುಮತಿ ಕೇಳಿ ಬರುವುದೆಂದು ಒಪ್ಪಿಸಿ ಮುಗಿಸಿದೆವು.

ತುಂಗಭದ್ರಾ ಜಲಾಶಯದ ಲೆಕ್ಕ ಬೇರೆ. 1953ರಲ್ಲಿ ಮುಗಿದ ಈ ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಮತ್ತು ಜಲಾಶಯದ ಮೀನುಗಾರಿಕೆಯೂ ಅದರ ಕಾರ್ಯವ್ಯಾಪ್ತಿಯೊಳಗಿನ ವಿಷಯ. ಆದ್ದರಿಂದ ಹಿನ್ನೀರಿಗೆ ದೋಣಿ ಇಳಿಸುವವರು ಇಲಾಖೆಯ ಜೊತೆಗೆ ಮಂಡಳಿಯನ್ನೂ ಕೇಳಬೇಕು. ಅಣೆಕಟ್ಟಿನ ಕಟ್ಟೆಯ ಹತ್ತಿರದ ನೀರಿಗಂತೂ ಯಾವ ಪರವಾನಗಿಯೂ ಸಲ್ಲುವುದಿಲ್ಲ. ಕೆಳಹರಿವಿನಲ್ಲಿ ಇರುವವರು ನೆನಪಿಡಬೇಕಾದ್ದು ಗೇಟುಗಳನ್ನು. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದ ರಾತ್ರಿಯನ್ನು ಕಂಪ್ಲಿ, ಗಂಗಾವತಿ, ಸಿರುಗುಪ್ಪದವರು ಮರೆತಿಲ್ಲ. ನೀರು ಬಿಡುವ ದಿನಗಳಲ್ಲಿ ಹೊಳೆಗೆ ಇಳಿಯಬಾರದೆಂದು ಜಿಲ್ಲಾಡಳಿತ ಎಚ್ಚರಿಸಿದಾಗ ನೋಂದಣಿಯಾದ ದೋಣಿಗೂ ವಿನಾಯಿತಿಯಿಲ್ಲ; ಆನೆಗೊಂದಿಯ ಹರಿಗೋಲುಗಳೂ ಆಗ ದಂಡೆಗೆ ಬಂದು ಮಗುಚಿ ಕೂರುತ್ತವೆ.

ಇದೇ ಹೊಳೆಯಲ್ಲಿ, ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ರಾಜ್ಯ ಸರ್ಕಾರ ಘೋಷಿಸಿದೆ. ಅಲ್ಲಿ ಅರಣ್ಯ ಇಲಾಖೆಯ ಮಾತೂ ಸೇರುತ್ತದೆ. ತಲೆಮಾರುಗಳಿಂದ ಅಲ್ಲಿಯೇ ಬಲೆ ಬೀಸುತ್ತಿರುವ ಬೆಸ್ತರನ್ನೂ ಅಂಬಿಗರನ್ನೂ, ನಿನ್ನೆ ಮೋಟರುದೋಣಿ ಕೊಂಡು ಬಂದವನನ್ನೂ ಅಧಿಕಾರಿಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ತೂಗಲೂ ಬಾರದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಮೀಸಲಿನೊಳಗೆ ಆದರೆ ವನ್ಯಜೀವಿ ಕಾಯ್ದೆಯೂ ಕೂಡಿಕೊಂಡು ಪ್ರಕರಣದ ತೂಕ ಹೆಚ್ಚುತ್ತದೆ.

ರಾಯಚೂರಿನ ಕಡೆಯವರಿಗೆ ಗಡಿಯ ತಾಪತ್ರಯ ಇನ್ನೊಂದಿದೆ. ಮಂತ್ರಾಲಯದ ಎದುರಿನ ತುಂಗಭದ್ರೆಯಲ್ಲಿ ಈ ದಂಡೆ ಕರ್ನಾಟಕದ್ದು, ಆ ದಂಡೆ ಆಂಧ್ರದ್ದು. ಕೃಷ್ಣೆಯಲ್ಲಿ ಕೆಳಕ್ಕೆ ಹೋದರೆ ತೆಲಂಗಾಣ ಎದುರಾಗುತ್ತದೆ. ದೋಣಿಯ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆಂದೆನಲ್ಲ, ಮೀನಿನ ಪರವಾನಗಿ ಹಾಗಲ್ಲ, ಅದು ಕೊಟ್ಟ ರಾಜ್ಯದ ನೀರಿಗೆ ಮಾತ್ರ. ಸೆಳವಿಗೆ ಸಿಕ್ಕ ಗಾಳಿದೋಣಿ ಹಗುರ. ನಡುಹೊಳೆಯ ಗೆರೆಯನ್ನು ದಾಟಿಸಿಬಿಡಲು ಅರ್ಧ ಗಂಟೆಯ ಗಾಳಿ ಸಾಕು.

ಕಸುಬಿನ ಮೀನುಗಾರರಿಗೆ ನನ್ನ ಸಲಹೆ ಇಲ್ಲಿ ತುಸು ಬೇರೆಯಾಗುತ್ತದೆ. ದಿನವೂ ಬಲೆ ಎಳೆಯುವವರಿಗೆ ಗಾಳಿದೋಣಿಗಿಂತ ಫೈಬರ್ ಹರಿಗೋಲು ಮೇಲು: ಇಲಾಖೆಯ ಸಹಾಯಧನ ಅದಕ್ಕೆ ಸಿಗುತ್ತದೆ, ಬಲೆಯ ಸೀಸದ ಗುಂಡು ತಾಗಿ ಅದು ತೂತಾಗುವುದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನವು ಫಲಾನುಭವಿ ಕಾರ್ಯಕ್ರಮಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60ರ ಮಿತಿಯಲ್ಲಿದೆ. ಅದೇ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮೀನುಗಾರ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಬರುತ್ತದೆ. ಇದಕ್ಕೆ ದೋಣಿ ಯಾವುದೆಂದು ಯಾರೂ ಕೇಳುವುದಿಲ್ಲ, ಮೀನುಗಾರನ ಹೆಸರು ದಾಖಲಾಗಿದೆಯೇ ಎಂದು ಕೇಳುತ್ತಾರೆ. ಪರವಾನಗಿಗಿಂತ ಮೊದಲು ಈ ಹೆಸರನ್ನು ಬರೆಸಿಕೊಂಡು ಬನ್ನಿ ಎಂದು ನಾನು ಕಳಿಸಿದವರಲ್ಲಿ ಒಬ್ಬಿಬ್ಬರು ಮಾತ್ರ ಮರುದಿನವೇ ಹೋಗಿದ್ದಾರೆ.

ಬಿಲ್ಲು ತಂದಿಟ್ಟ ಹಿನ್ನೀರಿನ ಕಕ್ಷಿದಾರರಿಗೆ ಕೊನೆಗೆ ನಾನು ಬರೆದುಕೊಟ್ಟದ್ದು ಎರಡು ಅರ್ಜಿ. ಒಂದು ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ, ಇನ್ನೊಂದು ಮಂಡಳಿಗೆ. ಎರಡರಲ್ಲಿಯೂ ದೋಣಿಯ ಉದ್ದ, ಫಲಕದ ಮೇಲಿನ ಭಾರಮಿತಿ, ಇಳಿಸುವ ಜಾಗದ ಹೆಸರು ಮತ್ತು "ಸದರಿ ದೋಣಿಯನ್ನು ಹುಟ್ಟಿನಿಂದ ಮಾತ್ರ ನಡೆಸಲಾಗುವುದು" ಎಂಬ ಸಾಲು ಇದ್ದವು. ಅರ್ಜಿಗಳಿಗೆ ಸಹಿ ಹಾಕುವ ಮೊದಲು ಅವರು ಆ ಸಾಲಿನ ಮೇಲೆ ಬೆರಳಿಟ್ಟು, ಮೋಟರಿನ ಡಬ್ಬಿ ಇನ್ನೂ ಒಡೆದಿಲ್ಲ, ಮರಳಿ ಕಳಿಸಿದರೆ ದುಡ್ಡು ಬರುತ್ತದೆಯೇ ಎಂದು ಕೇಳಿದರು. ಬಿಲ್ಲಿನ ಹಿಂಬದಿಯಲ್ಲಿ ಹತ್ತು ದಿನಗಳ ಅವಧಿ ಅಚ್ಚಾಗಿತ್ತು. ಅಂದು ಎಂಟನೆಯ ದಿನ.